ಇಪ್ಪತ್ತನೇ ತಾರೀಕಿನ ನಂಬಿಕೆ

ತಿಂಗಳ ಮೊದಲ ವಾರದಲ್ಲಿ ದೇವರ ಮೇಲೆ ಭಾರ ಹಾಕುವವರು ಕಡಿಮೆ. ಸಂಬಳ ಕೈಸೇರಿರುತ್ತದೆ, ಅಕ್ಕಿಯ ಡಬ್ಬ ತುಂಬಿರುತ್ತದೆ, ಹಾಲಿನವನ ಬಾಕಿ ಚುಕ್ತಾ ಆಗಿರುತ್ತದೆ. ಅಂಥ ದಿನಗಳಲ್ಲಿ ದೇವರಿಗೂ ಸ್ವಲ್ಪ ಪುರುಸೊತ್ತು. ಇಪ್ಪತ್ತನೇ ತಾರೀಕು ದಾಟಲಿ, ನಮ್ಮ ಸಭೆಯ ವಾರದ ಪ್ರಾರ್ಥನಾಕೂಟಕ್ಕೆ ಕಳೆ ಬರುತ್ತದೆ. ಮಗಳ ಕಾಲೇಜಿನ ಫೀಸು, ಮನೆಸಾಲದ ಕಂತು, ಅತ್ತೆಯ ಕಣ್ಣಿನ ಆಪರೇಷನ್ನು, ಮಳೆಗಾಲಕ್ಕೆ ಮೊದಲು ಆಗಲೇಬೇಕಾದ ಮಾಡಿನ ರಿಪೇರಿ, ಹೀಗೆ ಒಂದೊಂದೇ ಪ್ರಾರ್ಥನಾ ವಿಷಯ ಹೊರಬೀಳುತ್ತದೆ. ಎಲ್ಲರೂ ಕೇಳಿಸಿಕೊಂಡು, ತಲೆಯಾಡಿಸಿ, "ಒದಗಿಸುತ್ತಾನೆ, ಕರ್ತನು ಒದಗಿಸುತ್ತಾನೆ" ಎನ್ನುತ್ತಾರೆ. ಹಾಗೆನ್ನುವವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಪೆನ್ಷನ್ ಬರುವ ಹಿರಿಯರದು. ಸರ್ಕಾರ ಒದಗಿಸುವುದು ಖಾತ್ರಿಯಾದ ಮೇಲೆ ದೇವರು ಒದಗಿಸುವುದರಲ್ಲೂ ವಿಶ್ವಾಸ ಬಲಿಯುತ್ತದೋ ಏನೋ.

ಈ ವಿಶ್ವಾಸವೇನೂ ಕ್ರೈಸ್ತರಾದ ನಮಗಷ್ಟೇ ಮೀಸಲಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂಬ ಗಾದೆ ಊರಿನ ಎಲ್ಲ ಜಗಲಿಗಳ ಮೇಲೂ ಓಡಾಡುತ್ತದೆ. ಕಲ್ಲಿನೊಳಗೆ ಕೂತ ಕಪ್ಪೆಗೆ ಉಣಿಸುವವನು ಯಾರೆಂದು ಕನಕದಾಸರು ಕೇಳಿ ಶತಮಾನಗಳೇ ಆದವು. ಆದ್ದರಿಂದ ಗುಡ್ಡದ ಮೇಲೆ ಕೂತು ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳೆಯ ಚಿಂತೆಯನ್ನು ಇವತ್ತೇ ಹೊರಬೇಡಿ ಎಂದ ಯೇಸುಸ್ವಾಮಿಯ ಮಾತು ಕನ್ನಡದ ಕಿವಿಗೆ ಹೊಸತೇನೂ ಆಗಿರಲಾರದು. ಕೇಳಲು ಹಿತ, ನಡೆಯಲು ಕಷ್ಟ. ಹಾಗೆ ನೋಡಿದರೆ ಹಿತವಾಗಿ ಕೇಳಿಸುವ ಉಪದೇಶಗಳ ಹಣೆಬರಹವೇ ಅಷ್ಟು.

ಬೈಬಲ್ಲಿನಲ್ಲಿ ಹುಡುಕಿದರೆ ಹಣಕಾಸಿನ ವಿಷಯಕ್ಕೆ ಎರಡೂ ಕಡೆಯ ಸಾಕ್ಷಿಗಳು ಸಿಗುತ್ತಾರೆ. ಒಂದು ಕಡೆ ಮರುಭೂಮಿಯಲ್ಲಿ ಸುರಿದ ಮನ್ನ. ಇಸ್ರಾಯೇಲ್ಯರು ಆಯಾ ದಿನದ್ದನ್ನು ಆಯಾ ದಿನವೇ ಕೂಡಿಸಿಕೊಳ್ಳಬೇಕು, ತಲೆಗೆ ಒಂದು ಓಮೆರ್ ಅಳತೆ. ನಾಳೆಗಿರಲಿ ಎಂದು ಮುಚ್ಚಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳಬಿದ್ದು ನಾರುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ತುಂಬಿಕೊಳ್ಳಲು ಅಪ್ಪಣೆ; ದೇವರೇ ಮಂಜೂರು ಮಾಡಿದ ಒಂದು ದಿನದ ಫಿಕ್ಸೆಡ್ ಡಿಪಾಸಿಟ್ಟು ಅದು. ಇನ್ನೊಂದು ಕಡೆ ಐಗುಪ್ತದ ಯೋಸೇಫ. ಏಳು ವರ್ಷದ ಸುಭಿಕ್ಷದಲ್ಲಿ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ಹಾಕಿಸಿ, ಮುಂದಿನ ಏಳು ವರ್ಷದ ಬರದಲ್ಲಿ ದೇಶವನ್ನೇ ಸಾಕಿದವನು. ಅದೂ ದೇವರು ಕನಸಿನಲ್ಲಿ ಕೊಟ್ಟ ಸೂಚನೆಯಂತೆಯೇ. ಹಾಗಾಗಿ ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆ ಯೋಸೇಫನ ಕಥೆ ಬಾಯಿಪಾಠ, ಇಡಲು ಏನೂ ಇಲ್ಲದವರಿಗೆ ಮನ್ನದ ಕಥೆ. ಇದರಲ್ಲಿ ತಪ್ಪಿಲ್ಲ. ಠೇವಣಿ ಇದ್ದವರು ಇಲ್ಲದವರಿಗೆ ಮನ್ನದ ಕಥೆ ಹೇಳಲು ಕೂತಾಗ ಮಾತ್ರ ನನಗೆ ಕೆಮ್ಮು ಬರುತ್ತದೆ.

ಎಲೀಯನ ಕಥೆ ಇನ್ನೂ ಸೊಗಸು. ಬರಗಾಲದಲ್ಲಿ ಕೆರೀತ್ ಹಳ್ಳದ ಬಳಿ ಅವಿತು ಕೂತ ಆ ಪ್ರವಾದಿಗೆ ಕಾಗೆಗಳು ಬೆಳಿಗ್ಗೆಯೂ ಸಂಜೆಯೂ ರೊಟ್ಟಿ, ಮಾಂಸ ತಂದುಕೊಡುತ್ತಿದ್ದವು. ನಮ್ಮ ಅಜ್ಜಿಗೆ ಈ ಕಥೆಯ ಮೇಲೆ ಸ್ವಲ್ಪ ಗುಮಾನಿ. ಅಂಗಳದಲ್ಲಿ ಸಂಡಿಗೆ ಒಣಹಾಕಿ, ಕೋಲು ಹಿಡಿದು ಕಾವಲು ಕೂತು ಬೆಳೆದವರು ಅವರು. "ಕಾಗೆ ಕೊಂಡುಹೋಗುವುದನ್ನು ಕಂಡಿದ್ದೇನೆ ಮಗಾ, ತಂದುಕೊಡುವುದನ್ನು ಕಂಡಿಲ್ಲ. ಆ ರೊಟ್ಟಿ ಯಾರ ಅಂಗಳದ್ದೋ ಪಾಪ" ಎನ್ನುತ್ತಿದ್ದರು. ಅಜ್ಜಿಗೆ ಮೆಚ್ಚುಗೆಯಾದದ್ದು ಅದರ ಮುಂದಿನ ಕಥೆ. ಹಳ್ಳ ಬತ್ತಿದ ಮೇಲೆ ದೇವರು ಎಲೀಯನನ್ನು ಚಾರೆಪ್ತ ಊರಿನ ಒಬ್ಬ ಬಡ ವಿಧವೆಯ ಮನೆಗೆ ಕಳಿಸುತ್ತಾನೆ. ಆಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು, ತಳ ಕಾಣುವಷ್ಟು ಎಣ್ಣೆ. ಮಗನಿಗೂ ತನಗೂ ಕಡೆಯ ಊಟ ಮಾಡಲೆಂದು ಸೌದೆ ಆರಿಸುತ್ತಿದ್ದಳು. ಬಂದವನು ಮೊದಲು ತನಗೊಂದು ರೊಟ್ಟಿ ಮಾಡಿಕೊಡು ಎಂದ. ಆಕೆ ಕೊಟ್ಟಳು; ಆಮೇಲೆ ಆ ಹಿಟ್ಟು ಮುಗಿಯಲೇ ಇಲ್ಲ. "ಬಯ್ಯದೆ ಮಾಡಿಕೊಟ್ಟಳಲ್ಲ, ನಂಬಿಕೆ ಅಂದರೆ ಅವಳದು. ಪ್ರವಾದಿಯದೇನು, ಕೂತು ತಿಂದ" ಎಂದು ಅಜ್ಜಿ ತೀರ್ಪು ಕೊಟ್ಟುಬಿಡುತ್ತಿದ್ದರು. ದೇವಜ್ಞಾನ ಕಲಿತ ಪಂಡಿತರ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ದುಡ್ಡಿನ ವಿಷಯದಲ್ಲಿ ದೇವರನ್ನು ನಂಬುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ವ್ಯಾಖ್ಯಾನ ಸಿಕ್ಕಿಲ್ಲ.

ಸಾಕ್ಷಿ ಹೇಳುವ ಕೂಟಗಳಲ್ಲಿ ಒಂದು ವಿಚಿತ್ರವಿದೆ. ಅಲ್ಲಿ ದೇವರು ಕಳಿಸುವ ಹಣ ಯಾವಾಗಲೂ ಪೈಸೆ ತಪ್ಪದೆ ಬರುತ್ತದೆ. ಬೇಕಿದ್ದದ್ದು ಏಳು ಸಾವಿರದ ಐನೂರು, ಬಂದದ್ದೂ ಏಳು ಸಾವಿರದ ಐನೂರು. ಏಳು ಸಾವಿರ ಬಂದು ಐನೂರು ಕಡಿಮೆ ಬಿದ್ದವರು ಸಾಕ್ಷಿ ಹೇಳಲು ಏಳುವುದಿಲ್ಲ. ಆ ಐನೂರಕ್ಕಾಗಿ ಅವರು ಯಾರದೋ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಇಂಥ ಸಾಕ್ಷಿಗಳಲ್ಲಿ ಆಗಾಗ ಕೇಳಿಬರುವ ಹೆಸರು ಬ್ರಿಸ್ಟಲಿನ ಜಾರ್ಜ್ ಮುಲ್ಲರ್. ಅವನ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಹುಡುಗ. ತಂದೆ ಸರ್ಕಾರದ ಸುಂಕ ವಸೂಲಿ ಮಾಡುವವರು. ಮಗ ಅಪ್ಪನ ಬಳಿಯಿದ್ದ ಸರ್ಕಾರಿ ಹಣಕ್ಕೇ ಕೈಹಾಕಿದ. ಹದಿನಾರರ ಪ್ರಾಯದಲ್ಲಿ ಹೋಟೆಲುಗಳಲ್ಲಿ ಉಂಡು, ತಂಗಿ, ಬಿಲ್ಲು ಕೊಡದೆ ನುಣುಚಿಕೊಳ್ಳಲು ಹೋಗಿ ಜೈಲು ಸೇರಿದ. ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಒಂದು ಸಂಜೆಯ ಪ್ರಾರ್ಥನಾಕೂಟದಿಂದ ಮನಸ್ಸು ತಿರುಗಿತು. ಇಲ್ಲಿಂದ ಮುಂದೆ ಬಹುವಚನದಲ್ಲಿ ಕರೆಯುವುದು ಮರ್ಯಾದೆ. ಇಂಗ್ಲೆಂಡಿಗೆ ಬಂದು ಸಭಾಪಾಲಕರಾದ ಮುಲ್ಲರರು 1830ರಲ್ಲಿ ಸಂಬಳವನ್ನೇ ಬಿಟ್ಟರು. ಆ ಕಾಲದ ದೇವಾಲಯಗಳಲ್ಲಿ ಬಾಡಿಗೆ ಕೊಟ್ಟವರಿಗೆ ಮುಂದಿನ ಒಳ್ಳೆಯ ಬೆಂಚು, ಕೊಡಲಾಗದವರಿಗೆ ಮೂಲೆ. ಪಾಲಕರ ಸಂಬಳ ಬರುತ್ತಿದ್ದದ್ದು ಆ ಬೆಂಚು ಬಾಡಿಗೆಯಿಂದ. ಅದು ಬೇಡವೆಂದು ಒಂದು ಪೆಟ್ಟಿಗೆ ಇರಿಸಿದರು. 1836ರಲ್ಲಿ ಬ್ರಿಸ್ಟಲಿನ ಒಂದು ಬಾಡಿಗೆ ಮನೆಯಲ್ಲಿ ಅನಾಥ ಮಕ್ಕಳನ್ನು ಸಾಕಲು ಆರಂಭಿಸಿದರು. 1870ರ ಹೊತ್ತಿಗೆ ಆಶ್ಲಿ ಡೌನ್ ಎಂಬಲ್ಲಿ ಐದು ಭಾರಿ ಕಟ್ಟಡಗಳು, ಎರಡು ಸಾವಿರ ಮಕ್ಕಳಿಗೆ ಜಾಗ. ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಲಹಿದರು; ಕೈಯಲ್ಲಿ ಹಾದುಹೋದ ಹಣ ಹದಿನೈದು ಲಕ್ಷ ಪೌಂಡಿನಷ್ಟು. ಯಾರ ಮುಂದೆಯೂ ಕೈಚಾಚಲಿಲ್ಲ, ದೇವರ ಹತ್ತಿರ ಮಾತ್ರ ಕೇಳುವುದೆಂಬ ವ್ರತ.

ಒಂದು ಬೆಳಿಗ್ಗೆ ತಿನ್ನಲು ಏನೂ ಇಲ್ಲದೆ, ಖಾಲಿ ಬಟ್ಟಲುಗಳ ಮುಂದೆ ಮಕ್ಕಳನ್ನು ಕೂರಿಸಿ ಊಟದ ಸ್ತೋತ್ರ ಹೇಳಿಸಿದರಂತೆ. ಅಷ್ಟರಲ್ಲಿ ಬೇಕರಿಯವನು ರೊಟ್ಟಿ ಹೊತ್ತು ತಂದನಂತೆ, ಹಾಲಿನ ಗಾಡಿ ಅವರ ಬಾಗಿಲ ಮುಂದೆಯೇ ಮುರಿದುಬಿತ್ತಂತೆ. ಪ್ರಸಂಗ ಮಾಡುವವರಿಗೆ ಈ ಕಥೆ ಬಲು ಪ್ರೀತಿ. ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಪ್ರಸಂಗಗಳಲ್ಲಿ ಬಾರದ ಸಂಗತಿ: ಮುಲ್ಲರರ ಲೆಕ್ಕದ ಪುಸ್ತಕ. ಬಂದ ಪ್ರತಿ ಕಾಣಿಕೆಗೂ ನಂಬರು ಹಾಕಿದ ರಸೀದಿ. ವರ್ಷದ ವರದಿಯಲ್ಲಿ ಕೊಟ್ಟವರ ಹೆಸರಿಲ್ಲ. ಕೊಟ್ಟವರು ಮಾತ್ರ ತಮ್ಮ ಹಣ ಜಮಾ ಆಗಿದೆಯೇ ಎಂದು ಗುರುತು ಹಿಡಿಯಬಹುದು. ಸಾಲ ಮಾಡುವಂತಿಲ್ಲ. ಹಾಲು, ರೊಟ್ಟಿಯವರಿಗೆ ವಾರಕ್ಕೊಮ್ಮೆ ಕೊಡುವ ವಾಡಿಕೆಯನ್ನೂ ನಿಲ್ಲಿಸಿ ಅವತ್ತಿನದನ್ನು ಅವತ್ತೇ ನಗದು ಎಣಿಸತೊಡಗಿದರು. ಹೋಟೆಲ್ ಬಿಲ್ಲು ತಪ್ಪಿಸಿ ಜೈಲಿಗೆ ಹೋದವನು ಹಾಲಿನವನಿಗೆ ಒಂದು ದಿನವೂ ಬಾಕಿ ಇಡದವನಾದ. ಹಾಲಿನ ಗಾಡಿ ಮುರಿದ ಪವಾಡಕ್ಕಿಂತ ಇದು ದೊಡ್ಡದೆಂದು ನಾನು ವಾದಿಸಬಲ್ಲೆ.

ಕೇಳುವುದಿಲ್ಲ ಎನ್ನುತ್ತಲೇ ವರ್ಷ ವರ್ಷ ವರದಿ ಅಚ್ಚು ಹಾಕಿಸಿ ಹಂಚಿದ್ದು ಕೇಳಿದ ಹಾಗೆಯೇ ಆಗಲಿಲ್ಲವೇ ಎಂದು ಕೊಂಕು ತೆಗೆಯಬಹುದು. ನ್ಯಾಯವಾದ ಕೊಂಕೇ. ಆದರೆ 1841ರ ಕೊನೆಯಲ್ಲಿ ಕೈಯಲ್ಲಿ ಕಾಸಿಲ್ಲದಾಗ ಅವರು ಮಾಡಿದ್ದನ್ನೂ ನೋಡಬೇಕು. ಈಗ ವರದಿ ಓದಿದರೆ ಜನರ ಕನಿಕರವನ್ನು ಕೆದಕಿದಂತಾಗುತ್ತದೆ ಎಂದು ವಾರ್ಷಿಕ ಸಭೆಯನ್ನೂ ವರದಿಯನ್ನೂ ಮುಂದಕ್ಕೆ ಹಾಕಿಬಿಟ್ಟರು. ಖಜಾನೆ ಬರಿದಾದಾಗಲೇ ತುರ್ತು ಸಭೆ ಕರೆಯುವ ನಮ್ಮ ಸಂಘ ಸಂಸ್ಥೆಗಳವರು ಇದನ್ನು ಎರಡು ಸಾರಿ ಓದಬೇಕು. 1898ರಲ್ಲಿ ತೀರಿಕೊಂಡಾಗ ಅವರ ಸ್ವಂತ ಆಸ್ತಿಯೆಂದು ಉಳಿದದ್ದು ಸುಮಾರು 160 ಪೌಂಡು, ಅದರಲ್ಲೂ ಹೆಚ್ಚಿನ ಪಾಲು ಮನೆಯ ಸಾಮಾನು.

ಮುಲ್ಲರರಿಗೆ ಈ ದಾರಿ ಹಿಡಿಸಿದವರಲ್ಲಿ ಒಬ್ಬರು ಅವರ ಹೆಂಡತಿಯ ಅಣ್ಣ ಆಂಟನಿ ನಾರಿಸ್ ಗ್ರೋವ್ಸ್. ಎಕ್ಸೆಟರಿನಲ್ಲಿ ಹಲ್ಲಿನ ಡಾಕ್ಟರು, ಕೈತುಂಬ ಸಂಪಾದನೆ. ಕ್ರೈಸ್ತನಾದವನು ಭೂಮಿಯ ಮೇಲೆ ಗಂಟು ಕಟ್ಟಬಾರದು ಎಂದು 1825ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ಬರೆದದ್ದಕ್ಕೆ ತಕ್ಕಂತೆ ಎಲ್ಲ ಬಿಟ್ಟು ಬಾಗ್ದಾದಿಗೆ ಹೋದರು. ಅಲ್ಲಿ ಪ್ಲೇಗಿಗೆ ಹೆಂಡತಿಯನ್ನು ಕಳೆದುಕೊಂಡು, ಆಮೇಲೆ ಭಾರತಕ್ಕೆ ಬಂದು ಚಿತ್ತೂರಿನಲ್ಲಿ ನೆಲೆಸಿದರು. ಜೊತೆಗಿದ್ದವರಿಗೆಲ್ಲ ಹೊಟ್ಟೆಪಾಡಿಗೆ ದಾರಿಯಾಗಲಿ ಎಂದು ಅಲ್ಲಿ ಬೇಸಾಯ, ರೇಷ್ಮೆ ಎಂದೆಲ್ಲ ಕೈಹಾಕಿದರು. ಹುಳುಗಳಿಗೆ ಅವರ ಪುಸ್ತಕ ತಲುಪಿರಲಿಲ್ಲವೋ ಏನೋ, ಕಸುಬು ಕೈಗೆ ಹತ್ತದೆ ನಷ್ಟವಾಯಿತು. ಕಡೆಗೆ ಕಣ್ಣು ಮುಚ್ಚಿದ್ದು ಬ್ರಿಸ್ಟಲಿನ ಮುಲ್ಲರರ ಮನೆಯಲ್ಲಿ, 1853ರಲ್ಲಿ. ಒಂದೇ ಮನೆತನ, ಒಂದೇ ನಂಬಿಕೆ, ಒಂದೇ ದೇವರು. ಒಬ್ಬರಿಗೆ ಐದು ಕಟ್ಟಡ, ಇನ್ನೊಬ್ಬರಿಗೆ ರೇಷ್ಮೆಯ ನಷ್ಟ. ಸಾಕ್ಷಿಕೂಟದಲ್ಲಿ ಗ್ರೋವ್ಸರ ಹೆಸರು ಕೇಳಿಬರದಿರುವುದಕ್ಕೆ ಕಾರಣ ಇದೇ ಇರಬೇಕು. ಆದರೆ ನಂಬಿಕೆಯಲ್ಲಿ ಅವರು ಭಾವನೆಂಟನಿಗಿಂತ ಒಂದು ತೊಲ ಕಡಿಮೆಯಿದ್ದರೆಂದು ಯಾವ ತಕ್ಕಡಿ ಹೇಳೀತು?

ಇದೇ ಗ್ರೋವ್ಸರು 1836ರಲ್ಲಿ ಹಡಗು ಹತ್ತುವಾಗ ಮಕ್ಕಳಿಗೆ ಪಾಠ ಹೇಳಲೆಂದು ಒಬ್ಬ ಜರ್ಮನ್ ತರುಣನನ್ನು ಕರೆತಂದರು. ಅವರೇ ಹರ್ಮನ್ ಗುಂಡರ್ಟ್. 1838ರಲ್ಲಿ ಗ್ರೋವ್ಸರನ್ನು ಬಿಟ್ಟು ಮಂಗಳೂರಿನ ಬಾಸೆಲ್ ಮಿಶನ್ ಸೇರಿದರು. ಮುಂದೆ ಮಲಯಾಳದ ನಿಘಂಟು ಬರೆದು ಹೆಸರಾದರು. ಅವರ ಮಗಳ ಮಗ ಹರ್ಮನ್ ಹೆಸ್ಸೆ. ಆ ಮೊಮ್ಮಗ ಬರೆದ 'ಸಿದ್ಧಾರ್ಥ' ಕಾದಂಬರಿಯಲ್ಲಿ, ನಿನ್ನ ಬಂಡವಾಳವೇನು ಎಂದು ಕೇಳುವ ವ್ಯಾಪಾರಿಗೆ ನಾಯಕ ತಾನು ಉಪವಾಸ ಇರಬಲ್ಲೆನೆಂಬುದನ್ನೂ ಬಂಡವಾಳದ ಪಟ್ಟಿಯಲ್ಲಿ ಸೇರಿಸುತ್ತಾನೆ. ಅಜ್ಜ ಚಿತ್ತೂರಿನಲ್ಲಿ ಕಂಡದ್ದು ಮೊಮ್ಮಗನ ಪುಸ್ತಕದಲ್ಲಿ ಚಿಗುರಿತು ಎಂದರೆ ಅತಿಯಾದೀತು. ಹರಟೆಯಲ್ಲಿ ಅಷ್ಟು ಅತಿಗೆ ಅವಕಾಶವಿದೆ.

ಮಂಗಳೂರಿಗೆ ಬಂದೆವಲ್ಲ, ಇಲ್ಲಿ ಸ್ವಲ್ಪ ಕೂರೋಣ. 1834ರಲ್ಲಿ ಮೂವರು ಬಾಸೆಲ್ ಮಿಶನರಿಗಳು ಇಲ್ಲಿಗೆ ಬಂದಾಗ ಅವರ ಕೈಯಲ್ಲಿದ್ದದ್ದು ಬೈಬಲು. ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ತಲೆನೋವು ಗಂಟುಬಿತ್ತು. ದೀಕ್ಷಾಸ್ನಾನ ಪಡೆದವನನ್ನು ಜಾತಿಯವರು ಹೊರಗಿಟ್ಟರು. ಜಾತಿಯ ಜೊತೆ ಕಸುಬು, ಗೇಣಿಯ ಗದ್ದೆ, ಮನೆ ಎಲ್ಲ ಹೋಯಿತು. ಶೇಂದಿ ಇಳಿಸುವ ಕಸುಬಿನ ಬಿಲ್ಲವರಲ್ಲಿ ಹಲವರು ಬಂದರು. ಕ್ರೈಸ್ತನಾದವನು ಶೇಂದಿ ಇಳಿಸಬಾರದೆಂದು ಮಿಶನ್ನೇ ನಿಯಮ ಮಾಡಿತು. ಹಕ್ಕಿಗಳನ್ನು ನೋಡಿ ಎಂದು ಇಂಥವರಿಗೆ ಹೇಳುವುದು ಹೇಗೆ? ಮಿಶನರಿಗಳು ಬೇರೆ ಬೇರೆ ಕಸುಬು ಹೂಡಿ ಕೈಸುಟ್ಟುಕೊಂಡರು. 1851ರಲ್ಲಿ ಹಾಲರ್ ಎಂಬವರು ಬಂದ ಮೇಲೆ ನೇಯ್ಗೆ ನೆಲೆನಿಂತಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಇಲ್ಲಿನ ಹೊಳೆದಂಡೆಯ ಜೇಡಿಮಣ್ಣನ್ನು ಸುಟ್ಟು ನೋಡಿ, ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಧರ್ಮ ಸಾರಲು ಬಂದವರಿಗೆ ಹೆಂಚಿನ ವ್ಯಾಪಾರವೇಕೆ ಎಂಬ ತಕರಾರು ಮಿಶನ್ನಿನ ಒಳಗೇ ಎದ್ದಿತ್ತು. ತಕರಾರು ಮಾಡಿದವರು ಒಂದು ಮಳೆಗಾಲ ಮಂಗಳೂರಿನ ಹುಲ್ಲಿನ ಮಾಡಿನ ಕೆಳಗೆ ಮಲಗಿದ್ದರೆ ಅಷ್ಟು ಜೋರು ಮಾಡುತ್ತಿರಲಿಲ್ಲ.

ಜೆಪ್ಪಿನ ಕುಲುಮೆಯಲ್ಲಿ ಬೆವರಿದವರ ಪ್ರಾರ್ಥನೆಯೂ ಬ್ರಿಸ್ಟಲಿನ ಪ್ರಾರ್ಥನೆಯೂ ಬೇರೆ ಬೇರೆ ಎಂದು ನನಗೆ ಅನ್ನಿಸುವುದಿಲ್ಲ. ಅಂದಂದಿನ ರೊಟ್ಟಿ ಕೊಡು ಎಂದು ಇಬ್ಬರೂ ಬೇಡಿದರು. ಒಬ್ಬರಿಗೆ ಅದು ಬೇಕರಿಯವನ ಬುಟ್ಟಿಯಲ್ಲಿ ಬಂತು, ಇನ್ನೊಬ್ಬರಿಗೆ ಶನಿವಾರದ ಬಟವಾಡೆಯಲ್ಲಿ. ತಮ್ಮನ್ನು ನಂಬಿ ಬಂದು ಬೀದಿಪಾಲಾದವರ ಹೊಟ್ಟೆಯನ್ನು ದೇವರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳದೆ ಕೆಸರಿಗೆ ಇಳಿದರಲ್ಲ, ಆ ಪಾದ್ರಿಗಳ ನಂಬಿಕೆ ಕಡಿಮೆಯದೇ?

ಎರಡೂ ದಾರಿಯನ್ನು ಒಟ್ಟಿಗೆ ನಡೆದವರು ಒಬ್ಬರಿದ್ದಾರೆ, ಅವರೂ ನಮ್ಮ ಕಡೆಯವರೇ. ಕಾರ್ಕಳದ ಆಚೆ, ಘಟ್ಟದ ಕಾಡಿನ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಪುರಾಣ ಹೇಳುತ್ತ ಊರೂರು ಅಲೆದ ಕುಟುಂಬ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡ ಹುಡುಗಿ. ಹಸಿವು ಆಕೆಗೆ ಪ್ರಸಂಗದ ವಸ್ತುವಾಗಿರಲಿಲ್ಲ, ಹೊಟ್ಟೆಯೇ ಕಂಡ ಸಂಗತಿ. ಮುಂದೆ ಕ್ರೈಸ್ತರಾಗಿ, ವಿಧವೆಯರಿಗಾಗಿ ಶಾರದಾ ಸದನ ಕಟ್ಟಿದಾಗ ಅಮೆರಿಕದ ಹಿತೈಷಿಗಳು ಹತ್ತು ವರ್ಷದ ಮಟ್ಟಿಗೆ ಹಣ ಕೊಡುವುದಾಗಿ ಒಪ್ಪಿದರು. ಹನ್ನೊಂದನೇ ವರ್ಷಕ್ಕೇನು ಗತಿ? ರಮಾಬಾಯಿ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿದರು, ಬಾವಿ ತೋಡಿಸಿದರು. ಕಿತ್ತಳೆ ಫಲ ಕೊಟ್ಟರೆ ಮನೆ ನಡೆದೀತು ಎಂಬ ಲೆಕ್ಕ. ಅದೇ ಕಾಲದಲ್ಲಿ ಮುಲ್ಲರರ ಜೀವನಚರಿತ್ರೆ ಓದಿದರು. ಅಲ್ಲಿ ಆದದ್ದು ನಮ್ಮ ದೇಶದಲ್ಲಿ ಏಕಾಗಬಾರದು ಎಂಬ ಯೋಚನೆ ಮನಸ್ಸನ್ನು ಹೊಕ್ಕಿತು.

ಕಿತ್ತಳೆ ಕಾಯುವವರೆಗೆ ಬರ ಕಾಯಲಿಲ್ಲ. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಕ್ಷಾಮ. ಇರುವವರಿಗೇ ಸಾಲದ ಅನ್ನ. ಆದರೂ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಆ ತೋಟದಲ್ಲೇ ಚಪ್ಪರ ಹಾಕಿಸಿ ಉಣಿಸಿದರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ. ಅಷ್ಟು ಜನರನ್ನು ಪ್ರಾರ್ಥನೆಯಿಂದ ಸಾಕಿದರು ಎನ್ನುವುದು ನಿಜ. ಅಲ್ಲಿನ ಹುಡುಗಿಯರು ನೇಯುತ್ತಿದ್ದರು, ಅಚ್ಚುಮೊಳೆ ಜೋಡಿಸುತ್ತಿದ್ದರು, ಹೊಲಗೆಲಸ ಮಾಡುತ್ತಿದ್ದರು ಎನ್ನುವುದೂ ಅಷ್ಟೇ ನಿಜ. ನನ್ನ ಅಜ್ಜಿಯ ತಕ್ಕಡಿಯಲ್ಲಿ ತೂಗಿದರೆ ರಮಾಬಾಯಿ ಚಾರೆಪ್ತದ ವಿಧವೆಯ ಪಕ್ಕದಲ್ಲಿ ಕೂರುತ್ತಾರೆ. ಹಿಟ್ಟು ಮುಗಿಯುವುದಿಲ್ಲ ಎಂದು ತಿಳಿದು ರೊಟ್ಟಿ ತಟ್ಟಿದವರಲ್ಲ ಇವರು. ತಟ್ಟಿದ ಮೇಲೆ ಮುಗಿಯಲಿಲ್ಲ.

ಈಗ ಇನ್ನೊಂದು ತಳಿ ಬಂದಿದೆ. ಮೈದಾನದಲ್ಲಿ ದೊಡ್ಡ ವೇದಿಕೆ, ಕಣ್ಣು ಕೋರೈಸುವ ದೀಪ, ಕೋಟು ಹಾಕಿದ ಪ್ರಸಂಗಿ. ಬಿತ್ತನೆಯ ಕಾಣಿಕೆ ಹಾಕಿ, ನೂರ್ಮಡಿ ಕೊಯ್ಯಿರಿ ಎಂದು ಕೂಗು. ಇದಕ್ಕೂ ಚೀಟಿ ಹಾಕುವುದಕ್ಕೂ ಇರುವ ವ್ಯತ್ಯಾಸವೆಂದರೆ ಚೀಟಿ ನಡೆಸುವವನ ಮನೆ ಎಲ್ಲಿದೆಯೆಂದು ನಮಗೆ ಗೊತ್ತಿರುತ್ತದೆ. ಇಲ್ಲಿ ಕೊಯ್ಲು ಬಾರದಿದ್ದರೆ ತಪ್ಪು ಬಿತ್ತಿದವನದೇ. ನಿನ್ನ ನಂಬಿಕೆ ಸಾಲದು ಎನ್ನುತ್ತಾರೆ. ಸಾಲ ತೀರದ ಬಡವನಿಗೆ ಸಾಲದ ಮೇಲೆ ಈ ಅಪವಾದದ ಬಡ್ಡಿಯೂ ಸೇರುತ್ತದೆ. ಈ ಲೆಕ್ಕದಲ್ಲಿ ಗ್ರೋವ್ಸರು ನಾಪಾಸು; ಗೋದಲಿಯಲ್ಲಿ ಹುಟ್ಟಿ, ತಲೆಯಿಡಲು ಠಾವಿಲ್ಲದೆ, ಎರವಲು ಸಮಾಧಿಯಲ್ಲಿ ಮಲಗಿದ ಯೇಸುಸ್ವಾಮಿಯೂ ನಾಪಾಸೇ.

ನನಗೆ ಆ ವೇದಿಕೆಗಿಂತ ನಮ್ಮ ಸುಗ್ಗಿ ಹಬ್ಬದ ಏಲಂ ಹೆಚ್ಚು ಹಿತ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಚೀನಿಕಾಯಿ, ಬಾಳೆಗೊನೆ, ಹಲಸು, ತೆಂಗಿನಕಾಯಿ, ಕಾಲು ಕಟ್ಟಿದ ಹುಂಜ. ಪೇಟೆಯಲ್ಲಿ ನಲ್ವತ್ತು ರೂಪಾಯಿಗೆ ಸಿಗುವ ಬಸಳೆ ಕಟ್ಟು ಇಲ್ಲಿ ನಾನೂರಕ್ಕೆ ಏರುತ್ತದೆ. ಕೊಂಡವನು ಅದನ್ನು ಮನೆಗೆ ಒಯ್ಯದೆ ಮತ್ತೆ ಏಲಮಿಗೇ ಕೊಡುತ್ತಾನೆ. ಒಂದೇ ಹುಂಜ ಮೂರು ಸಲ ಮಾರಾಟವಾಗಿ, ನಾಲ್ಕನೆಯವನ ಕೈಯಲ್ಲಿ ಪದಾರ್ಥವಾಗಲು ಹೊರಡುತ್ತದೆ. ಆ ಬಸಳೆ ತಂದವರು ಗೇರುಬೀಜದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಕ್ಕ. ತಂದಿಟ್ಟು ಸುಮ್ಮನೆ ಹಿಂದೆ ಹೋಗಿ ನಿಲ್ಲುತ್ತಾರೆ. ಏಲಂ ಜೋರಾಗಿ ಕೂಗಿದ ದೊಡ್ಡವರಲ್ಲಿ ಕೆಲವರ ಬಾಕಿ ಕ್ರಿಸ್ಮಸ್ಸು ಕಳೆದರೂ ಖಜಾಂಚಿಯ ಪುಸ್ತಕದಲ್ಲಿ ಹಾಗೇ ಇರುತ್ತದೆ; ಅಕ್ಕನ ಕವರು ಮಾತ್ರ ತಿಂಗಳ ಮೊದಲ ಭಾನುವಾರ ಚೀಲಕ್ಕೆ ತಪ್ಪುವುದಿಲ್ಲ. ನಾಳೆಯ ಭಯ ಯಾರಿಗೆ ಎಷ್ಟಿದೆಯೆಂದು ತಿಳಿಯಬೇಕಾದರೆ ಪ್ರಾರ್ಥನೆ ಕೇಳುವುದಕ್ಕಿಂತ ಆ ಪುಸ್ತಕ ತೆಗೆದು ನೋಡುವುದು ಮೇಲು.

ನಮ್ಮ ಖಜಾಂಚಿಯವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ. ಈ ಸಲದ ವಾರ್ಷಿಕ ಸಭೆಯಲ್ಲಿ ಬಡ ಮಕ್ಕಳ ವಿದ್ಯಾರ್ಥಿವೇತನದ ಮಾತು ಬಂತು. ಖರ್ಚಿನ ಕಡೆ ಮೊತ್ತವಿದೆ, ಜಮೆಯ ಕಡೆ ಹದಿನೆಂಟು ಸಾವಿರ ಕಡಿಮೆ. ಹಿರಿಯರೊಬ್ಬರು ಎದ್ದು, "ಏನೂ ಚಿಂತೆ ಬೇಡ, ದೇವರು ಒದಗಿಸುತ್ತಾನೆ, ಬರೆದುಕೊಳ್ಳಿ" ಎಂದರು. ಖಜಾಂಚಿಯವರು ನಿಜವಾಗಿಯೂ ಪೆನ್ನು ತೆಗೆದರು.

"ಯಾರ ಕೈಯಲ್ಲಿ ಕಳಿಸುತ್ತಾನೆ ಅಂತ ಬರೆಯಲಿ, ಅಣ್ಣ?"

ಸಭೆ ನಕ್ಕಿತು. ಹಿರಿಯರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಕಡೆಗೆ ಚೆಕ್ ಪುಸ್ತಕ ತರಲು ಮೊಮ್ಮಗನನ್ನು ಮನೆಗೆ ಓಡಿಸಿದರು. ಹದಿನೆಂಟರಲ್ಲಿ ಹತ್ತು ಅವರದು, ಉಳಿದದ್ದಕ್ಕೆ ಬೇರೆ ನಾಲ್ಕು ಕೈ ಎದ್ದವು. ಖಜಾಂಚಿಯವರು ಯಾರನ್ನೂ ಹೊಗಳಲಿಲ್ಲ. ಐದು ರಸೀದಿ ಹರಿದು ಕೊಟ್ಟು, ಕಾರ್ಯಸೂಚಿಯ ಮುಂದಿನ ವಿಷಯ ಓದಿದರು.